ನಂದಾಳ ನಾಲ್ಕು ಕಾಲುಂಗುರ

ಟಿಕ್ ಎಂದಿತು.

ಸಣ್ಣ ಸದ್ದು, ಒಣಗಿದ ತೊಗರಿಕಾಯಿ ಬಿಸಿಲಿಗೆ ಸಿಡಿದ ಹಾಗೆ. ಅನುರಾಧಾ ಹಾಸಿಗೆಯಲ್ಲಿ ಎದ್ದು ಕುಳಿತಳು. ರಾತ್ರಿ ಒಂದೂ ಮುಕ್ಕಾಲು. ಪಕ್ಕದಲ್ಲಿ ಗಂಡ ಶಶಿಕಾಂತ ಮಲಗಿದ್ದ. ದಿನವಿಡೀ ಪವರ್‌ಲೂಮಿನ ಗದ್ದಲ ಕೇಳಿದ ಕಿವಿ ಅವನದು, ಮಾಳಿಗೆ ಕುಸಿದರೂ ಏಳುವವನಲ್ಲ. ಸದ್ದು ಬಂದದ್ದು ಹಿಂದಿನ ಕೋಣೆಯಿಂದ, ಕರೆಂಟಿನ ಭಟ್ಟಿಯ ಒಳಗಿನಿಂದ.

ಹೋಗಿ ಭಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಳು. ಕೆಂಪು ದೀಪ ಆರಿತ್ತು, ಆದರೆ ಬಾಗಿಲ ಹತ್ತಿರ ಕೈ ಒಡ್ಡಿದರೆ ಕಾವು ಇನ್ನೂ ಬಡಿಯುತ್ತಿತ್ತು. ಪೂರ್ತಿ ಆರುವ ತನಕ ಬಾಗಿಲು ಮುಟ್ಟಬೇಡಿ ಎಂದು ಪುಣೆಯ ತರಬೇತಿಯಲ್ಲಿ ಮೂರು ಸಲ ಹೇಳಿದ್ದರು. ಆಕೆ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಿದ್ದಳು. ಹಾಗಾಗಿ ಮುಟ್ಟಲಿಲ್ಲ. ಮುಟ್ಟದೆ, ಮಲಗಲೂ ಆಗದೆ, ಗೋಡೆಗೆ ಒರಗಿ ಬೆಳಗಾಗುವುದನ್ನೇ ಕಾದಳು.

ಭಟ್ಟಿಯ ಒಳಗಿದ್ದದ್ದು ಐದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ ಒಂದು ಬಿಲ್ಲೆ. ಅದರ ಮೇಲೆ ಒಬ್ಬ ಹೆಂಗಸಿನ ಮುಖ.

ಬನಹಟ್ಟಿಯಲ್ಲಿ ಈ ಕೆಲಸ ಮಾಡುವವಳು ಅನುರಾಧಾ ಒಬ್ಬಳೇ. ಬೆಳ್ಳಿಯನ್ನು ಹಿಟ್ಟಿನಷ್ಟು ನುಣ್ಣಗೆ ಪುಡಿಮಾಡಿ, ಅಂಟು ಮತ್ತು ನೀರು ಬೆರೆಸಿ ನಾದಿದ ಮುದ್ದೆ ಪೊಟ್ಟಣದಲ್ಲಿ ಬರುತ್ತದೆ. ಕೈಯಲ್ಲಿ ಹಿಡಿದರೆ ಥೇಟ್ ಮಣ್ಣು. ಅಂಗೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ತಟ್ಟಬಹುದು, ಸೂಜಿಯಿಂದ ಕೊರೆಯಬಹುದು, ಬೇವಿನ ಎಲೆ ಒತ್ತಿ ಅದರ ನರಗಳನ್ನು ಮೂಡಿಸಬಹುದು. ಒಣಗಿಸಿ ಭಟ್ಟಿಗಿಟ್ಟರೆ ಅಂಟು ಸುಟ್ಟುಹೋಗಿ, ಬೆಳ್ಳಿಯ ಕಣಗಳು ಒಂದಕ್ಕೊಂದು ಹತ್ತಿಕೊಂಡು, ಅಪ್ಪಟ ಬೆಳ್ಳಿಯಷ್ಟೇ ಉಳಿಯುತ್ತದೆ. ತರಬೇತಿಯವರು ಅದನ್ನು ಸಿಲ್ವರ್ ಕ್ಲೇ ಅನ್ನುತ್ತಿದ್ದರು. ಓಣಿಯ ಹೆಂಗಸರು ಒಂದು ದಿನ ನಿಂತು ನೋಡಿ, ಹೋಳಿಗೆಯ ಕಣಕದ ಹಾಗಿದೆಯೆಂದು ಬೆಳ್ಳಿ ಕಣಕ ಎಂದು ಹೆಸರಿಟ್ಟರು. ಆ ಹೆಸರೇ ನಿಂತಿತು. ಹಗಲು ಓಣಿಯ ಮಗ್ಗಗಳೆಲ್ಲ ನಡೆಯುವಾಗ ವೋಲ್ಟೇಜು ಏರಿಳಿಯುತ್ತದೆ, ಭಟ್ಟಿಯ ಕಾವು ನಿಲ್ಲುವುದಿಲ್ಲ. ರಾತ್ರಿ ಹತ್ತಕ್ಕೆ ಪಾಳಿ ಮುಗಿದು ಮಗ್ಗಗಳು ಸುಮ್ಮನಾದ ಮೇಲೆಯೇ ಆಕೆ ಗುಂಡಿ ಒತ್ತುವುದು.

ಈ ಬಿಲ್ಲೆ ಮಾಡಿಸಿದವಳು ಸಾವಳಗಿಯ ಶೇವಂತಿ, ನಿಂಗಣ್ಣನ ಎರಡನೆಯ ಹೆಂಡತಿ. ಇಪ್ಪತ್ತೆರಡು, ಇಪ್ಪತ್ತಮೂರು ವರ್ಷದ ಹುಡುಗಿ. ಸಂಕ್ರಾಂತಿಗೆ ಮುಧೋಳದಲ್ಲಿ ಮಹಿಳಾ ಸಂಘಗಳ ಮಾರಾಟ ಮೇಳ ನಡೆದಾಗ ಅನುರಾಧಾಳ ಮೇಜಿನ ಮೇಲಿದ್ದ ಗಿಳಿ, ಎಲೆ, ಕಿವಿಯೋಲೆಗಳ ನಡುವೆ ಒಂದು ಪುಟ್ಟ ಮುಖ ಕಂಡು ನಿಂತವಳು ಅರ್ಧ ತಾಸು ಕದಲಿರಲಿಲ್ಲ. ಅದಾಗಿ ತಿಂಗಳ ಮೇಲೆ ಬನಹಟ್ಟಿಯ ಮನೆ ಹುಡುಕಿಕೊಂಡು ಬಂದಳು.

"ನಮ್ಮನ್ಯಾಗ ಮೊದಲನೇಕಿ ತೀರಿಕೊಂಡಾರ್ರಿ ಅಕ್ಕಾರ. ನಂದಾ ಅಂತ. ಎರಡನೇಕಿ ಆಗಿ ಹೋದಾಕಿ ಮೊದಲನೇಕಿನ್ನ ಕೊಳ್ಳಾಗ ಹಾಕ್ಕೋಬೇಕಲ್ರಿ, ಆ ಬಿಲ್ಲೆ ಮಾಡಿಕೊಡ್ರಿ."

ಆ ರೂಢಿ ಅನುರಾಧಾಳಿಗೆ ಗೊತ್ತಿತ್ತು. ತೀರಿಹೋದವಳ ಮುಖದ ಬೆಳ್ಳಿಯ ಬಿಲ್ಲೆಯನ್ನು ಪೂಜೆ ಮಾಡಿ ಹೊಸಬಳು ಕೊರಳಿಗೆ ಕಟ್ಟಿಕೊಂಡರೆ, ಹೋದವಳು ಅಕ್ಕ, ಬಂದವಳು ತಂಗಿ. ಆಮೇಲೆ ಆ ಮನೆಯಲ್ಲಿ ಮುನಿಸಿಲ್ಲ.

"ಪತ್ತಾರರ ಹಂತೇಕ ಅಚ್ಚು ಇರತಾವಲ್ಲವಾ? ಒಂದು ದಿನದಾಗ ಬಡದು ಕೊಡ್ತಾರ."

"ಅಚ್ಚಿನ ಮುಖಾ ಎಲ್ಲಾರಿಗೂ ಒಂದಽ ಇರತೈತ್ರಿ. ಹೆಂಗಸಿಗೂ ಅದಽ, ಗಂಡಸಿಗೂ ಅದಽ, ಬರೇ ಮೀಸಿ ತಿದ್ದತಾರು. ನೀವು ಆಕಿನ್ನ ಹೆಂಗಸಿನಂಗ ಮಾಡ್ತೀರಿ."

"ಫೋಟೋ ಐತೇನು?"

ಶೇವಂತಿ ಕುಪ್ಪಸದೊಳಗಿನ ಚೀಲದಿಂದ ನಂದಾಳ ಮತದಾರರ ಚೀಟಿ ತೆಗೆದುಕೊಟ್ಟಳು. ಅದರಲ್ಲಿ ಸೆರಗು ಹೊದ್ದ ಒಂದು ಕಪ್ಪು ಮಸುಕು ಇತ್ತು. "ಇದನ್ನ ನೋಡಿ ಆಕೀನಽ ಒಮ್ಮೆ ಇದು ಯಾರ್ದಂತ ಕೇಳಿದ್ಲಂತ್ರಿ" ಎಂದು ಕಿಸಕ್ಕನೆ ನಕ್ಕು, ನಕ್ಕದ್ದು ತಪ್ಪಾಯಿತೇನೋ ಎಂದು ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ತಾನು ಕಂಡಿರದ ಆ ಮುಖವನ್ನು ಮನೆಯವರು ಹೇಳಿದ ಹಾಗೆ ವರ್ಣಿಸಿದಳು. ಮೂಗು ಸಣ್ಣದು, ಹಣೆ ಅಗಲ, ನಗುವಾಗ ಕೆಳತುಟಿ ಒಳಗೆ ಹೋಗುತ್ತಿತ್ತಂತೆ.

"ಎಂಟು ತಿಂಗಳಾತ್ರಿ ಲಗ್ನಾಗಿ. ನಮ್ಮತ್ತಿ ನನ್ನ ಕೈಲೆ ಒಂದು ಚರಿಗಿ ನೀರೂ ಇಸಕೊಂಡಿಲ್ಲ. ನಂದಕ್ಕ ಆಕಿ ಅಣ್ಣನ ಮಗಳ್ರಿ. ಆಕಿ ಬಿಲ್ಲೆ ಕಟ್ಟೂತನಾ ನೀ ಯಾರೋ ನಾ ಯಾರೋ ಅಂತಾಳು. ನನ್ನ ಹೆಸರೂ ಕರಿಯೂದಿಲ್ಲ. ಏ ಇಕಿನ, ಏ ಇಕಿನ."

ಹೇಳಿ ಮುಗಿಸಿ ಒಂದು ಕರವಸ್ತ್ರದ ಗಂಟು ಬಿಚ್ಚಿ ಕಣ್ಣಿಗೊತ್ತಿಕೊಂಡು ಕೊಟ್ಟಳು. ನಾಲ್ಕು ಕಾಲುಂಗುರ, ಮೇಲೆ ಅರಿಶಿನದ ಪುಡಿ.

ಅನುರಾಧಾ ಅವನ್ನು ತೆಗೆದುಕೊಂಡಳು. ಅದರಲ್ಲಿ ಹೊಸದೇನೂ ಇರಲಿಲ್ಲ. ಈ ಕಡೆಯಲ್ಲಿ ಬೆಳ್ಳಿಯ ಕೆಲಸಕ್ಕೆ ಬರುವವರು ಮನೆಯ ಹಳೆಯ ಬೆಳ್ಳಿ ತಂದೇ ಕೊಡುತ್ತಾರೆ. ಆಕೆ ಅದನ್ನು ಸರಾಫ ನೀಲಕಂಠನ ಅಂಗಡಿಗೆ ದಾಟಿಸುತ್ತಾಳೆ, ಅವನು ಅದಕ್ಕೆ ಬದಲಾಗಿ ಮುಂಬಯಿಯಿಂದ ಪೊಟ್ಟಣ ತರಿಸಿಕೊಡುತ್ತಾನೆ. ಅದು ಬರುವ ತನಕ ಮನೆಯಲ್ಲಿ ಉಳಿದ ಪೊಟ್ಟಣದಿಂದ ಕೆಲಸ ನಡೆಯುತ್ತದೆ. ಮೂರು ವರ್ಷದಿಂದ ನಡೆದದ್ದು ಹೀಗೆಯೇ. ಮಾತನ್ನು ತೂಗಿ ಆಡುವ ಹೆಣ್ಣು ಆಕೆ. ಜಮಖಂಡಿಯ ಕಾಲೇಜಿನಲ್ಲಿ ಬಿ.ಎ. ಮಾಡುವಾಗಲೂ ಪ್ರಶ್ನೆಪತ್ರಿಕೆಯನ್ನು ಎರಡು ಸಲ ಓದದೆ ಪೆನ್ನು ಮುಟ್ಟಿದವಳಲ್ಲ. ಶೇವಂತಿಗೂ ಎಲ್ಲವನ್ನೂ ಕೇಳಿದ್ದಳು: ಅಳತೆ ಎಷ್ಟು, ಕೊಂಡಿ ಒಂದೋ ಎರಡೋ, ಹಣೆಗೆ ಕುಂಕುಮದ ಬೊಟ್ಟು ಬೇಕೋ ಬೇಡವೋ. ಆ ಅರಿಶಿನ ಯಾಕೆ ಎಂದು ಮಾತ್ರ ಕೇಳಿರಲಿಲ್ಲ.

ಬೆಳಿಗ್ಗೆ ಆರಕ್ಕೆ ಭಟ್ಟಿಯ ಬಾಗಿಲು ತೆರೆದಳು. ರಾತ್ರಿ ಟಿಕ್ ಎಂದದ್ದು ಬಿಲ್ಲೆಯಲ್ಲ, ಅದರಡಿಯ ಹಂಚು. ಮೂಲೆಯಿಂದ ಮೂಲೆಗೆ ಕೂದಲೆಳೆಯ ಬಿರುಕು ಬಿಟ್ಟಿತ್ತು. ಬಿಲ್ಲೆ ಸುಣ್ಣದಂತೆ ಬೆಳ್ಳಗೆ, ಅಖಂಡವಾಗಿ ಕುಳಿತಿತ್ತು. ಹಿತ್ತಾಳೆ ತಂತಿಯ ಬ್ರಷ್ಷಿನಿಂದ ಉಜ್ಜಿ, ಚಮಚದ ಬೆನ್ನಿನಿಂದ ತಿಕ್ಕುತ್ತ ಹೋದಂತೆ ಸುಣ್ಣದೊಳಗಿನಿಂದ ಮೊದಲು ಹಣೆ, ಆಮೇಲೆ ಮೂಗು, ಆಮೇಲೆ ಒಳಗೆ ಹೋದ ಕೆಳತುಟಿ ಹೊಳೆಯಿತು. ಅನುರಾಧಾಳಿಗೆ ತನ್ನ ಕೆಲಸದ ಮೇಲೆ ಹೀಗೆ ಸಮಾಧಾನವಾಗುವುದು ಅಪರೂಪ. ಆ ಸಮಾಧಾನ ಹತ್ತು ಗಂಟೆಯ ತನಕ ಇತ್ತು.

ಹತ್ತಕ್ಕೆ ಶೇವಂತಿ ಬಂದಳು. ಜೊತೆಗೆ ಅತ್ತೆ ಸಿದ್ದಕ್ಕ. ಎತ್ತರದ ಮುದುಕಿ, ಹಣೆಗೆ ಬೀರಪ್ಪನ ಭಂಡಾರದ ಹಳದಿ, ಕೈಯಲ್ಲಿ ಕೋಲಿದ್ದರೂ ಅದನ್ನು ಊರುತ್ತಿರಲಿಲ್ಲ. ಚಾಪೆಯ ಮೇಲೆ ಕುಳಿತು ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದಳು.

"ಮೊನ್ನೆ ಬಂದಾಗ ಹಸೀದು ನೋಡಿದ್ದೆ, ದೊಡ್ಡದಿತ್ತಲ್ರಿ" ಎಂದಳು ಶೇವಂತಿ.

"ಬೆಂಕ್ಯಾಗ ಕುಗ್ಗತೈತವಾ. ಅದಕಽ ಮೊದಲ ದೊಡ್ಡದು ಮಾಡಿರತೀನಿ."

"ಕುಗ್ಗಲಿ ಬಿಡು" ಎಂದಳು ಸಿದ್ದಕ್ಕ. "ಆಕೀನೂ ಕಡೀಕ ಹಂಗಽ ಕುಗ್ಗಿದ್ಲು." ಬಿಲ್ಲೆಯನ್ನು ಮಗುಚಿ ನೋಡಿ ಕೇಳಿದಳು: "ನಾಕೂ ಹಾಕಿಯಿಲ್ಲೋ ತಂಗಿ? ಒಂದರೆ ಹಿಂದ ಉಳಿದಿದ್ರ ಹೇಳಿಬಿಡು."

"ಏನ್ರೀ ನಾಕು?"

"ಕಾಲುಂಗರ! ನಂದಾನ ಕಾಲುಂಗರ. ಅವನ್ನಽ ಅರದು ಕಣಕಾ ಮಾಡ್ತಾಳಂತ ಇಕಿ ಹೇಳಿದ್ಲು. ಪತ್ತಾರ ಮುಂದ ಕುಂತು ಕರಗಸ್ತಾನ, ಕಣ್ಣೀಗಿ ಕಾಣತೈತಿ. ನಿಂದು ನನಗ ತಿಳಿಯೂದಿಲ್ಲವಾ, ಅದಕ ಕೇಳಿದೆ. ಒಂದು ಹೊರಗ ಉಳಿದ್ರೂ ಆಕಿ ಅರ್ಧಾ ಒಳಗ, ಅರ್ಧಾ ಹೊರಗ ಅಡ್ಡಾಡ್ತಾಳು."

ಆ ನಾಲ್ಕೂ ಆಗಲೇ ನೀಲಕಂಠನ ಅಂಗಡಿ ಸೇರಿದ್ದವು. ಅನುರಾಧಾ ಮಾತು ತಪ್ಪಿಸಲೆಂದು ಕೇಳಿದಳು: "ಮುಖಾ ಹೆಂಗ ಬಂದೈತ್ರಿ?"

"ಮುಖಾ ಹೆಂಗರೆ ಇರಲಿ. ಮುಖಾ ಮಣ್ಣಿಗಿ ಹೋತು. ಬೆಳ್ಳಿ ಹನ್ನೊಂದು ವರ್ಷ ಆಕಿ ಮೈಮ್ಯಾಲಿತ್ತು. ನಮಗ ಬೆಳ್ಳಿ ಅಂದ್ರ ಆಕೀನಽ."

ಶೇವಂತಿ ಅತ್ತೆಯ ಬೆನ್ನ ಹಿಂದೆ ನಿಂತು ಅನುರಾಧಾಳನ್ನೇ ನೋಡುತ್ತಿದ್ದಳು. ಪರೀಕ್ಷೆಯ ಫಲಿತಾಂಶ ಓದುವವರ ಬಾಯಿಯನ್ನು ನೋಡುವ ಹಾಗೆ.

"ಇನ್ನಾ ಕೆಲಸ ಉಳದೈತ್ರಿ" ಎಂದಳು ಅನುರಾಧಾ. ತನ್ನ ದನಿ ತನಗೇ ಬೇರೆ ಯಾರದೋ ಎನಿಸಿತು. "ಕೊಂಡಿ ತಿಕ್ಕಬೇಕು. ಅಮಾಸಿ ಪೂಜೀಗಿ ನಾನಽ ಸಾವಳಗಿಗಿ ತಂದು ಕೊಡ್ತೀನಿ."

ಅವರು ಹೋದ ಮೇಲೆ ಅನ್ನಕ್ಕಿಟ್ಟದ್ದು ತಳ ಹಿಡಿಯಿತು. ಆಕೆ ಅದನ್ನೂ ನೋಡದೆ ಕೊಡೆ ಹಿಡಿದು ನೀಲಕಂಠನ ಅಂಗಡಿಗೆ ಹೋದಳು.

"ಬರ್ರಿ ವೈನಿ" ಎಂದ ನೀಲಕಂಠ. ಶಶಿಕಾಂತನ ಗೆಳೆಯನಾದ್ದರಿಂದ ಆಕೆ ಅವನಿಗೆ ಅತ್ತಿಗೆ. "ಪೊಟ್ಟಣ ಇನ್ನಾ ಬಂದಿಲ್ಲ. ಮುಂಬಯಿದವ್ರು ನಾಳೆ ನಾಡದ್ದು ಅನ್ನಾಕತ್ಯಾರ."

"ಪೊಟ್ಟಣಕ್ಕ ಬಂದಿಲ್ರಿ ಅಣ್ಣಾರ. ನಾ ಹೋದ ವಾರ ನಾಕು ಕಾಲುಂಗರ ಕೊಟ್ಟಿದ್ನೆಲ್ಲ, ಗಿರಾಕಿ ವಾಪಸ್ ಕೇಳಾಕತ್ಯಾರ."

"ಯಾವತ್ತು ಕೊಟ್ಟಿದ್ರಿ? ಸೋಮವಾರನೋ ಗುರುವಾರನೋ? ಸೋಮವಾರದ್ದು ಕರಗಿಸಿ ಹುಪರಿ ಬೆಳ್ಳಿ ಕಾರಖಾನೆಗಿ ಕಳಸೇನಿ. ಗುರುವಾರದ್ದು ಇಲ್ಲೇ ಐತಿ."

ಅನುರಾಧಾ ನೆನಪಿಸಿಕೊಳ್ಳಲು ನೋಡಿದಳು. ಆ ದಿನ ಕರೆಂಟು ಹೋಗಿತ್ತು. ಸೋಮವಾರವೂ ಹೋಗಿತ್ತು, ಗುರುವಾರವೂ ಹೋಗಿತ್ತು. ಅಂಗಡಿಯ ಮುಂದೆ ನೂಲಿನ ಗಂಟು ಹೇರಿದ ಆಟೋ ನಿಂತಿತ್ತು. ಅದು ಯಾವತ್ತು ನಿಂತಿರುವುದಿಲ್ಲ? ಯಾವ ಸೀರೆ ಉಟ್ಟಿದ್ದೆ ಎಂದು ಯೋಚಿಸಿದಳು. ಹಸಿರಿನದು ಅನ್ನಿಸಿತು. ಹಸಿರಿನದು ಒಗೆಯಲು ಹಾಕಿದ್ದು ಯಾವಾಗ? ಹಿಡಿಯಲು ಹೋದಷ್ಟೂ ದಿನಗಳು ಒಂದರೊಳಗೊಂದು ಸೇರಿಕೊಂಡವು.

"ಗೊತ್ತಾಗವಲ್ದು" ಎಂದಳು.

ನೀಲಕಂಠ ಒಂದು ಡಬ್ಬಿ ತಂದು ಕೆಂಪು ಬಟ್ಟೆಯ ಮೇಲೆ ಸುರಿದ. ಕಾಲುಂಗುರಗಳ ರಾಶಿ. ಮೂವತ್ತೋ ನಲವತ್ತೋ ಇದ್ದವು. ಒಂದೊಂದನ್ನೇ ಎತ್ತಿ ನೋಡಿದಳು. ಎಲ್ಲವೂ ನೆಲಕ್ಕೆ ತಾಗುವ ಬದಿಯಲ್ಲಿ ಸವೆದು ತೆಳ್ಳಗಾಗಿದ್ದವು. ಎಲ್ಲದರ ಸಂದಿಯಲ್ಲೂ ಕಪ್ಪು ಕೊಳೆ ಇತ್ತು, ಕೆಲವದರಲ್ಲಿ ಅರಿಶಿನವೂ.

"ಮೀನಿನ ಗುರುತಿತ್ತೇನೋ ಅನಸ್ತೈತ್ರಿ."

"ಮೀನು ಬೇಕ? ತಗೋರಿ ಮೀನು. ಇದೊಂದು, ಇದೊಂದು, ಇಲ್ನೋಡ್ರಿ ಜೋಡಿ. ಹೊಳ್ಯಾಗ ಇಲ್ಲದಷ್ಟು ಮೀನು ನನ್ನ ಡಬ್ಬ್ಯಾಗ ಅದಾವು." ಅವನು ನಾಲ್ಕನ್ನು ಆರಿಸಿ ಆಕೆಯ ಮುಂದೆ ಸಾಲಾಗಿ ಇಟ್ಟ. "ಇವನ್ನಽ ಕೊಟ್ಟುಬಿಡ್ರಿ. ಗಿರಾಕಿಗೇನು ಗೊತ್ತಾಗತೈತಿ?"

"ಇವು ಯಾರವೋ ಏನೋ."

"ಯಾರವಾದ್ರೇನ್ರಿ? ಬೆಳ್ಳೀಗಿ ಊರಿಲ್ಲ, ಮನಿತಾನಿಲ್ಲ. ನಿಮ್ಮ ಪೊಟ್ಟಣದ ಬೆಳ್ಳಿ ಯಾರದಂತ ಒಂದ ದಿನಾರೆ ಕೇಳಿರೇನು?"

ಅವನು ತಮಾಷೆಗೆ ಆಡಿದ ಮಾತು. ಆದರೆ ದಾರಿಯುದ್ದಕ್ಕೂ ಅದು ಆಕೆಯನ್ನು ಬಿಡಲಿಲ್ಲ. ಹೌದಲ್ಲ, ಆ ಪುಡಿ ಎಲ್ಲಿಯದು? ಯಾವ ದೇಶದ ಯಾವ ಹೆಂಗಸಿನ ಕಡಗ, ಯಾರ ಮನೆಯ ಬಟ್ಟಲು ಕರಗಿ ಪುಡಿಯಾಗಿ ಪೊಟ್ಟಣ ಸೇರಿತು? ಶೇವಂತಿಯ ಕೊರಳಿಗೆ ತಾನು ಕಟ್ಟಹೊರಟಿರುವುದು ಯಾರನ್ನು? ನಂದಾ ಹುಪರಿಗೆ ಹೋದಳೋ, ಕೆಂಪು ಬಟ್ಟೆಯ ಮೇಲಿನ ರಾಶಿಯಲ್ಲಿ ಉಳಿದಳೋ? ಇದೆಲ್ಲ ಮೂಢನಂಬಿಕೆ ಎಂದು ತನಗೆ ತಾನೇ ಹೇಳಿಕೊಂಡಳು. ಕಾಲೇಜಿನಲ್ಲಿ ಅದರ ಬಗ್ಗೆ ಪ್ರಬಂಧ ಬರೆದು ಬಹುಮಾನ ಪಡೆದವಳು ತಾನು. ಆದರೆ ನಂಬದವಳು ಡಬ್ಬಿಯಲ್ಲಿ ಮೀನಿನ ಗುರುತು ಯಾಕೆ ಹುಡುಕಬೇಕು? ನಂಬುವವಳಾಗಿದ್ದರೆ ಅರಿಶಿನ ಕಂಡಾಗಲೇ ಯಾಕೆ ಕೇಳಲಿಲ್ಲ? ಮೂರು ದಿನವೂ, ಉಪ್ಪು ಹಾಕಿದ್ದ ಪಲ್ಯಕ್ಕೆ ಮತ್ತೆ ಉಪ್ಪು ಹಾಕಿದಳು. ಶಶಿಕಾಂತ ಸುಮ್ಮನೆ ಮೊಸರು ಕಲಸಿಕೊಂಡು ಉಂಡ. ಏನಾತು ಎಂದು ಒಮ್ಮೆ ಕೇಳಿದ. ತಲೆಶೂಲೆ ಎಂದಳು.

ಅಮಾವಾಸ್ಯೆಯ ಬೆಳಿಗ್ಗೆ ಬಸ್ಸು ಹತ್ತಿದಾಗ ಒಂದು ತೀರ್ಮಾನಕ್ಕೆ ಬಂದಿದ್ದಳು. ಹೇಳಿಬಿಡುವುದು. ಬಿಲ್ಲೆ ಕಟ್ಟುವ ಮೊದಲೇ, ಸಿದ್ದಕ್ಕನಿಗೇ. ಜಮಖಂಡಿಯಲ್ಲಿ ಬಸ್ಸು ಬದಲಿಸಿ ಸಾವಳಗಿ ಮುಟ್ಟುವ ತನಕ ಮಾತನ್ನು ಜೋಡಿಸಿದಳು. ತಪ್ಪಾಗಿದೆ ಎನ್ನಬೇಕೋ, ತಪ್ಪು ಮಾಡಿದ್ದೇನೆ ಎನ್ನಬೇಕೋ. ಮೊದಲನೆಯದರಲ್ಲಿ ತಾನು ಇರುವುದಿಲ್ಲ. ಎರಡನೆಯದೇ ಸರಿ. ಆಮೇಲೆ, ಬೆಳ್ಳಿ ನಂದಾಳದಲ್ಲ, ಆದರೆ ಅದಕ್ಕಿಂತ ಶುದ್ಧ. ಆ 'ಆದರೆ' ಬೇಡ. ತೆಗೆದುಹಾಕಿದಳು.

ಮನೆಯಲ್ಲಿ ಪಡಸಾಲೆ ಸಾರಿಸಿ, ಜಗಲಿಯ ಮೇಲೆ ಬೀರಪ್ಪನ ಮೂರ್ತಿಯ ಮುಂದೆ ಕರಿಯ ಕಂಬಳಿ ಹಾಸಿದ್ದರು. ಶೇವಂತಿಯ ಗಂಡ ನಿಂಗಣ್ಣ, ಮಾತು ಕಡಿಮೆಯ ಆಳು, ಬಾಗಿಲಲ್ಲಿ ನಿಂತು ಬರ್ರಿ ಎಂದ. ಶೇವಂತಿ ಹೊಸ ಇಳಕಲ್ಲು ಸೀರೆ ಉಟ್ಟು ಕಂಬಳಿಯ ಅಂಚಿನಲ್ಲಿ ಕುಳಿತಿದ್ದಳು. ಅನುರಾಧಾಳನ್ನು ಕಂಡು ಆಕೆಯ ಕಣ್ಣು ತುಂಬಿದವು.

"ತಂದೇನು?" ಸಿದ್ದಕ್ಕ ಎರಡೂ ಕೈ ಚಾಚಿದಳು.

ಬಿಲ್ಲೆಯನ್ನು ಕೊಟ್ಟು ಅನುರಾಧಾ ಮಂಡಿಯೂರಿ ಕುಳಿತಳು. "ಸಿದ್ದಕ್ಕಾರ, ಒಂದು ಮಾತು ಹೇಳೂದೈತ್ರಿ."

"ಆಮ್ಯಾಲ ಹೇಳವಾ. ಹಾಲು ಆರತೈತಿ."

ಮುದುಕಿ ಬಿಲ್ಲೆಯನ್ನು ಬೆಚ್ಚಗಿನ ಹಾಲಿನಲ್ಲಿ ಅದ್ದಿದಳು. ಬೆರಳಿನಿಂದ ಹಣೆ, ಮೂಗು, ಕಣ್ಣು ಸವರಿ ತೊಳೆದಳು, ಮಕ್ಕಳ ಮುಖ ತೊಳೆಯುವ ಹಾಗೆ. ಭಂಡಾರ ಹಚ್ಚಿದಳು. ಅನುರಾಧಾ ಅಳುವನ್ನು ನಿರೀಕ್ಷಿಸಿದ್ದಳು. ಸಿದ್ದಕ್ಕ ಬಿಲ್ಲೆಯನ್ನೇ ಬೈಯತೊಡಗಿದಳು.

"ಬಂದಿ? ಈಗ ಬಂದಿ? ಮನ್ಯಾಗ ಒಲಿ ಹೊತ್ತಿಸಾವ್ರು ಯಾರು ಅಂತ ಒಂದ ದಿನಾರೆ ಕೇಳಿದೇನು? ಹಟಮಾರಿ. ನಿಮ್ಮಪ್ಪನಂಗಽ ಹಟಮಾರಿ. ನಿನ್ನ ತಂಗಿ ಎಂಟು ತಿಂಗಳಿಂದ ಹಾದಿ ಕಾಯಾಕತ್ತಾಳ, ನಿನಗ ಮಾತ್ರ ಪುರಸೊತ್ತಿಲ್ಲ. ಬಾ. ಕುಂಡ್ರು ಇಲ್ಲೆ."

ಕರಿದಾರಕ್ಕೆ ಪೋಣಿಸಿ ಶೇವಂತಿಯ ಕೊರಳ ಹಿಂದೆ ಗಂಟು ಹಾಕಿದಳು. ಒಂದು ಗಂಟು. ಎರಡು. ಮೂರನೆಯದಕ್ಕೆ ಬೆರಳು ಸಾಲದೆ ಹಲ್ಲಿನಿಂದ ಜಗ್ಗಿ ಬಿಗಿದಳು. ಅನುರಾಧಾ ಪ್ರತಿ ಗಂಟಿಗೂ ಬಾಯಿ ತೆರೆದು ಮುಚ್ಚಿದಳು.

ಸಿದ್ದಕ್ಕ ಗೋಡೆಗೆ ಒರಗಿ ಕುಳಿತು ಕಣ್ಣು ಮುಚ್ಚಿಕೊಂಡು ಹೇಳಿದಳು: "ಶೇವಂತಿ, ನೀರು ತಾ."

ಶೇವಂತಿ ಏಳಲಿಲ್ಲ. ಕರೆದದ್ದು ಇನ್ನಾರನ್ನೋ ಎನ್ನುವ ಹಾಗೆ ಸುತ್ತ ನೋಡಿದಳು.

"ಏ, ನಿನಗಽ" ಎಂದ ನಿಂಗಣ್ಣ ಬಾಗಿಲಿನಿಂದ.

ಆಮೇಲೆ ಎದ್ದಳು. ಸೀರೆಯ ನಿರಿಗೆ ತುಳಿದು ಮುಗ್ಗರಿಸಿದಳು. ಒಳಗೆ ಕೊಡಕ್ಕೆ ಚರಿಗೆ ಬಡಿದದ್ದು ಕೇಳಿಸಿತು. ತಂದು ಕೊಡುವಾಗ ಅರ್ಧ ನೀರು ಮುದುಕಿಯ ಮಡಿಲ ಮೇಲೆ ಚೆಲ್ಲಿತು. ಸಿದ್ದಕ್ಕ ಉಳಿದ ಅರ್ಧವನ್ನು ಒಂದೇ ಗುಟುಕಿಗೆ ಎತ್ತಿ ಕುಡಿದು, "ಚೆಲ್ಲೂದರಾಗೂ ಅಕ್ಕನ ತಂಗೀನಽ" ಎಂದು ಬಾಯಿ ಒರಸಿಕೊಂಡಳು. ನಿಂಗಣ್ಣ ಹೊರಗೆ ತಿರುಗಿ ನಿಂತ. ಶೇವಂತಿ ಖಾಲಿ ಚರಿಗೆಯನ್ನು ಎದೆಗವಚಿಕೊಂಡು ನಿಂತೇ ಇದ್ದಳು.

ಆಗ ಸಿದ್ದಕ್ಕನಿಗೆ ನೆನಪಾಯಿತು. "ಹಾಂ ತಂಗಿ, ಏನೋ ಮಾತಂದಿ? ಹೇಳು."

ಮೂವರೂ ಅನುರಾಧಾಳನ್ನು ನೋಡಿದರು. ಮಾತು ಸಿದ್ಧವಾಗಿಯೇ ಇತ್ತು, ಒಂದು ಪದ ಹೆಚ್ಚಿಲ್ಲದೆ, ಒಂದು ಪದ ಕಡಿಮೆಯಿಲ್ಲದೆ. ಈಗ ಹೇಳಿದರೆ ಕುಡಿದ ನೀರು ಏನಾಗುತ್ತದೆ ಎಂದು ಯೋಚಿಸಿದಳು. ತಿಳಿಯಲಿಲ್ಲ. ಹೇಳದಿದ್ದರೆ ಈ ಬೆಳ್ಳಿ ಏನಾಗುತ್ತದೆ, ಅದೂ ತಿಳಿಯಲಿಲ್ಲ.

"ಹುಣಸಿಹಣ್ಣು ಹಚ್ಚಿ ತಿಕ್ಕಬ್ಯಾಡ್ರಿ ಅಂತ ಹೇಳೂದಿತ್ರಿ" ಎಂದಳು. "ಮೆತ್ತನ್ನ ಅರಿವಿಲೆ ಒರಸಿದ್ರ ಸಾಕು."

"ಅಷ್ಟಽ? ಅದಕ್ಯಾಕ ಇಷ್ಟು ಮಾರಿ ಸಣ್ಣ ಮಾಡೀದಿ?" ಸಿದ್ದಕ್ಕ ನಕ್ಕಳು. "ಕುಂಡ್ರು, ಉಂಡು ಹೋಗು. ಶೇವಂತಿ, ಎಲಿ ಹಾಕ."

ಉಂಡಳು. ರೊಟ್ಟಿ ದಪ್ಪವಾಗಿತ್ತು, ಬದನೆಕಾಯಿಗೆ ಖಾರ ಹೆಚ್ಚಾಗಿತ್ತು. ಸಿದ್ದಕ್ಕ ಖಾರ ಹೆಚ್ಚಾಗಿದೆ ಎಂದು ಬೈಯುತ್ತ ಎರಡು ಸಲ ಹಾಕಿಸಿಕೊಂಡಳು.

ಜಮಖಂಡಿಯ ಸ್ಟ್ಯಾಂಡಿನಲ್ಲಿ ಬನಹಟ್ಟಿಯ ಬಸ್ಸಿಗೆ ಒಂದು ತಾಸು ಕಾಯಬೇಕಾಯಿತು. ಕಲ್ಲು ಬೆಂಚಿನ ಮೇಲೆ ಕುಳಿತು ಅನುರಾಧಾ, ತಾನು ಮಾಡಿದ್ದು ಒಳ್ಳೆಯದೋ ಮೋಸವೋ ಎಂದು ಯಾರನ್ನಾದರೂ ಕೇಳಬೇಕು ಅಂದುಕೊಂಡಳು. ನೀಲಕಂಠನನ್ನು ಕೇಳಿದರೆ ನಗುತ್ತಾನೆ. ಮುಧೋಳದಲ್ಲಿರುವ ಅಕ್ಕ ಸ್ವಾಮಿಗಳನ್ನು ಕೇಳು ಅನ್ನುತ್ತಾಳೆ, ಸ್ವಾಮಿಗಳು ಇನ್ನಾರಿಗೋ ಹೇಳುತ್ತಾರೆ. ಶಶಿಕಾಂತ ಒಳ್ಳೆಯವನು, ಪೂರ್ತಿ ಕೇಳುತ್ತಾನೆ. ಆದರೆ ಅವನ ಮಗ್ಗದಲ್ಲಿ ಸಾವಳಗಿಯ ಇಬ್ಬರಿದ್ದಾರೆ. ಕೇಳಬೇಕೆಂದರೆ ಮೊದಲು ಹೇಳಬೇಕು. ಹೇಳಿದ ಮಾತು ಇವತ್ತಲ್ಲ ನಾಳೆ ಬಸ್ಸು ಹತ್ತುತ್ತದೆ, ಸಾವಳಗಿಯಲ್ಲಿ ಇಳಿಯುತ್ತದೆ.

ಸಂಜೆ ಮನೆ ಸೇರಿದಾಗ ಶಶಿಕಾಂತ ಚಹಾ ಕಾಸುತ್ತಿದ್ದ. "ಹೆಂಗಾತು? ಬಿಲ್ಲೆ ಪಸಂದ ಬಿತ್ತೇನು?"

"ಬಿತ್ರಿ" ಎಂದಳು.

ಅವನು ಇನ್ನೇನೋ ಇದೆಯೆಂದು ಕಾಯುವ ಹಾಗೆ ಬಸಿ ಹಿಡಿದು ನಿಂತ. ಅನುರಾಧಾ ಚಪ್ಪಲಿ ಬಿಚ್ಚಿ ಗೂಡಿನಲ್ಲಿಟ್ಟಳು, ಮುಖ ತೊಳೆದುಕೊಂಡಳು, ಚಹಾದ ಬಸಿ ಇಸಿದುಕೊಂಡಳು. ಅವನಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಅಷ್ಟರಲ್ಲಿ ನಿರ್ಧರಿಸಿದ್ದಳು.